ಜೂನ್ 1ರಂದು ಹುಟ್ಟಿದವರು

ಜೂನ್ 1 ಬಂದರೆ ಟೀಮಿನಲ್ಲಿ ಯಾರಾದರೊಬ್ಬರು ನನಗೆ "ಹ್ಯಾಪಿ ಬರ್ತ್‌ಡೇ" ಅಂತ ಮೆಸೇಜ್ ಹಾಕುತ್ತಾರೆ. ನಾನು ಹುಟ್ಟಿದ್ದು ನವೆಂಬರಿನಲ್ಲಿ.

ಪೇರೋಲ್ ಸಾಫ್ಟ್‌ವೇರಿಗೆ ನಿವೃತ್ತಿ ಪಟ್ಟಿ ತೆಗೆಯುವ ಮಾಡ್ಯೂಲ್ ಸೇರಿಸಿದ್ದೆವು. ಡೆವಲಪರ್‌ಗಳದ್ದು ಮ್ಯಾಕ್, ಸಿಐ, ಅಂದರೆ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ, ಓಡುವುದು ಲಿನಕ್ಸ್ ಮೇಲೆ, ಕ್ಲೈಂಟ್ ಹತ್ತಿರ ಇರುವುದು ವಿಂಡೋಸ್ ಸರ್ವರ್. ಟೆಸ್ಟ್ ಮಾಡುವುದು ನನ್ನ ಕೆಲಸ, ಅದಕ್ಕೆ ಒಂದು ವಿಂಡೋಸ್ ಏಜೆಂಟ್ (ಟೆಸ್ಟ್ ಓಡಿಸುವ ಯಂತ್ರ) ಕೊಡಿ ಅಂತ ಎರಡು ಕ್ವಾರ್ಟರ್‌ನಿಂದ ಕೇಳುತ್ತಿದ್ದೆ. ನಮ್ಮ ಕೋಡ್ ಇರುವುದು ಪೈಥಾನ್ ಭಾಷೆಯಲ್ಲಿ. "ಪೈಥಾನ್ ಎಲ್ಲಾ ಕಡೆ ಒಂದೇ ಅಲ್ವಾ" ಅನ್ನುವುದು ಮ್ಯಾನೇಜರ್ ಉತ್ತರ. ಟೆಸ್ಟ್ ಎಲ್ಲ ಹಸಿರು, ಅಂದರೆ ಪಾಸು. ಸೈನ್-ಆಫ್ ಕೊಟ್ಟವಳು ನಾನೇ.

ಗೋ-ಲೈವ್ ದಿನ ರಾತ್ರಿ ಒಂಬತ್ತೂವರೆಗೆ ಫೋನ್. ನಿವೃತ್ತಿ ಪಟ್ಟಿ ಖಾಲಿ. ಲಾಗ್ ತುಂಬಾ ಒಂದೇ ಸಾಲು: ಓಎಸ್ಎರರ್ 22, ಇನ್‌ವ್ಯಾಲಿಡ್ ಆರ್ಗ್ಯುಮೆಂಟ್.

ಕಾಲ್‌ನಲ್ಲಿ ಎಂಟು ಜನ. ಒಬ್ಬರೂ ಉಸಿರೆತ್ತುತ್ತಿಲ್ಲ. ಫೇಲಾದ ಸಾಲುಗಳನ್ನು ಎಕ್ಸೆಲ್‌ಗೆ ಹಾಕಿಕೊಂಡು ನೋಡಿದೆ. ಜೂನ್ 1. ಜೂನ್ 1. ಮತ್ತೆ ಜೂನ್ 1. ಪಾಸಾದವರ ತಾರೀಕು ಮಾತ್ರ ವರ್ಷವಿಡೀ ಚದುರಿಕೊಂಡಿವೆ. "ಸಿಕ್ತು!" ಅಂದೆ, ಸ್ವಲ್ಪ ಜೋರಾಗಿಯೇ. ಹಳೇ ಡೇಟಾದಲ್ಲಿ ಖಾಲಿ ಇದ್ದ ಕಡೆ ಯಾರೋ ಡಿಫಾಲ್ಟ್ ತುಂಬಿದ್ದಾರೆ, ತಪ್ಪು ಕ್ಲೈಂಟ್ ಕಡೆಯದು ಅಂತ ಎಲ್ಲರನ್ನೂ ಸಿಸಿಯಲ್ಲಿಟ್ಟು ಮೇಲ್ ಕೂಡ ಕಳಿಸಿಬಿಟ್ಟೆ.

ಆ ಕಡೆಯ ಎಚ್ಆರ್ ಹಿರಿಯರು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೇಡಂ, ನಂದೂ ಜೂನ್ 1. ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಬರೆದಿದ್ದು. ನಮ್ಮ ಕಾಲದಲ್ಲಿ ಸುಮಾರು ಜನರದ್ದು ಹಾಗೇ." ಆಮೇಲೆ ಮೆಲ್ಲಗೆ, "ಆದ್ರೆ ನಂದು 72ನೇ ಇಸವಿ. ನನ್ನ ಹೆಸರಿಗೆ ಎರರ್ ಬಂದಿಲ್ವಲ್ಲ?"

ಕಿವಿ ಬಿಸಿಯಾಯಿತು. ಮೇಲ್ ವಾಪಸ್ ತರುವ ಬಟನ್ ಒತ್ತಿದೆ, ಅದೂ ಕೆಲಸ ಮಾಡಲಿಲ್ಲ.

ಇಸವಿ ಪ್ರಕಾರ ಸಾರ್ಟ್ ಮಾಡಿದೆ. 1969ರವರೆಗಿನದೆಲ್ಲ ಫೇಲು. ಆ ಕಾಲದವರದ್ದು ಹೆಚ್ಚಾಗಿ ಮೇಷ್ಟ್ರು ಬರೆದ ತಾರೀಕು, ಹಾಗಾಗಿ ಜೂನ್ 1 ಕಂಡಿತ್ತು ಅಷ್ಟೇ. ಹುಟ್ಟಿದ ತಾರೀಕನ್ನು ನಾವು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಾಗಿ ಇಟ್ಟಿದ್ದೆವು. 1964ರ ಜೂನ್ 1 ಅಂದರೆ ಮೈನಸ್ 17,62,75,800. ಲಿನಕ್ಸ್, ಮ್ಯಾಕ್ ಎರಡೂ ಈ ಮೈನಸ್ಸನ್ನು ತಕರಾರಿಲ್ಲದೆ ತಾರೀಕು ಮಾಡಿಕೊಡುತ್ತವೆ. ಸೆಕೆಂಡುಗಳನ್ನು ಸ್ಥಳೀಯ ತಾರೀಕಾಗಿ ಬದಲಿಸುವ ಫಂಕ್ಷನ್, ವಿಂಡೋಸಿನ ಸಿ ಲೈಬ್ರರಿಯ ಲೋಕಲ್‌ಟೈಮ್ ಒಪ್ಪುವುದಿಲ್ಲ. ನಮ್ಮ ಪೈಥಾನಿನ ಫ್ರಮ್‌ಟೈಮ್‌ಸ್ಟ್ಯಾಂಪ್ ಒಳಗೆ ಅದನ್ನೇ ಕರೆಯುತ್ತಿತ್ತು. ಇನ್ನೂ ಮಜಾ ಅಂದರೆ 1970ರ ಜನವರಿ 1 ಕೂಡ ಇಲ್ಲಿ ಮೈನಸ್ಸೇ. ಎಣಿಕೆ ಶುರುವಾಗುವುದು ಯುಟಿಸಿ ಎಂಬ ಜಾಗತಿಕ ಸಮಯದ ಪ್ರಕಾರ. ನಮ್ಮ ಮಧ್ಯರಾತ್ರಿ ಯುಟಿಸಿಗಿಂತ ಐದೂವರೆ ಗಂಟೆ ಮೊದಲು ಬರುತ್ತದೆ, ಹಾಗಾಗಿ ಮೈನಸ್ 19,800.

ನನ್ನ ಟೆಸ್ಟ್ ಡೇಟಾ? ಟೀಮಿನವರ ಬರ್ತ್‌ಡೇ ಪಟ್ಟಿ. ಅದರಲ್ಲಿ ಎಲ್ಲರಿಗಿಂತ ಹಿರಿಯರು ಮ್ಯಾನೇಜರ್, 1978. ನಿವೃತ್ತಿ ಮಾಡ್ಯೂಲಿಗೆ!

ಫಿಕ್ಸ್ ಎರಡೇ ಸಾಲು. 1970ಕ್ಕೆ ಟೈಮ್‌ಡೆಲ್ಟಾ (ಅಷ್ಟು ಸೆಕೆಂಡುಗಳ ಅಂತರ) ಕೂಡಿಸಿದರೆ ಆಪರೇಟಿಂಗ್ ಸಿಸ್ಟಮ್‌ನ ಹಂಗೇ ಬೇಕಿಲ್ಲ. ಅದು ಓಡಿದ ಮೇಲೆ ನಿವೃತ್ತಿ ಪತ್ರದಲ್ಲಿ ಬರುವ ತಾರೀಕು ಕೈಕೊಟ್ಟಿತು. ದಿನವನ್ನು 01 ಬದಲು ಬರೀ 1 ಅಂತ ತೋರಿಸುವ ಸಂಕೇತ ಲಿನಕ್ಸಿನಲ್ಲಿ ಪರ್ಸೆಂಟ್ ಮೈನಸ್ ಡಿ, ವಿಂಡೋಸಿನಲ್ಲಿ ಪರ್ಸೆಂಟ್ ಹ್ಯಾಶ್ ಡಿ. ಮುಗಿಯುವಾಗ ಎರಡು ಗಂಟೆ.

ವಿಂಡೋಸ್ ಏಜೆಂಟ್ ಇನ್ನೂ ಅಪ್ರೂವಲ್‌ನಲ್ಲಿದೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲೇ ಪ್ರತಿ ಬಿಲ್ಡ್ ಓಡಿಸುತ್ತೇನೆ. ಮೊದಲ ಟೆಸ್ಟ್ ಕೇಸ್ ನನ್ನ ಅಪ್ಪನ ತಾರೀಕು, 1958ರ ಜೂನ್ 1. ಅಪ್ಪ ಹುಟ್ಟಿದ್ದು ದೀಪಾವಳಿಯ ಮಾರನೇ ದಿನ ಅಂತ ಅಜ್ಜಿ ಹೇಳುತ್ತಿದ್ದರು.