ಎಸ್‌ಟಿಪಿ ಪಕ್ಕದ ಬಾವಿ: ದೂರು ಬರೆಯುವ ಮೊದಲು ತರಿಸಿಕೊಳ್ಳಬೇಕಾದ ಕಡತಗಳು

ಕೊಳಚೆ ನೀರು ಶುದ್ಧೀಕರಣ ಘಟಕದ (ಎಸ್‌ಟಿಪಿ) ನೆರೆಯವರು ಬರೆಯುವ ದೂರುಗಳು ಹೆಚ್ಚಾಗಿ ಒಂದೇ ಜಾಗದಲ್ಲಿ ಮುಗ್ಗರಿಸುತ್ತವೆ. ‘ವಾಸನೆ ತಡೆಯಲಾಗುತ್ತಿಲ್ಲ, ಬಾವಿ ಹಾಳಾಗಿದೆ’ ಎಂದು ಬರೆದಿರುತ್ತಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಬರುವ ದಿನ ಗಾಳಿ ಊದುವ ಬ್ಲೋವರ್‌ಗಳೆಲ್ಲ ಓಡುತ್ತಿರುತ್ತವೆ, ಔಟ್‌ಲೆಟ್ ನೀರು ತಿಳಿಯಾಗಿರುತ್ತದೆ, ಸ್ಯಾಂಪಲ್ ಪಾಸು. ಅಲ್ಲಿಗೆ ಕಡತ ಮುಚ್ಚಿತು. ಆದರೆ ವರ್ಷವಿಡೀ ಘಟಕ ಹೇಗೆ ನಡೆದಿದೆ ಎನ್ನುವುದು ಘಟಕದವರದೇ ರಿಜಿಸ್ಟರ್‌ಗಳಲ್ಲಿ ಇರುತ್ತದೆ. ಒಂದು ದಿನಕ್ಕೆ ಘಟಕವನ್ನು ಚೊಕ್ಕ ಮಾಡಬಹುದು, ಹನ್ನೆರಡು ತಿಂಗಳ ಲೆಕ್ಕವನ್ನು ಹೊಂದಿಸುವುದು ಕಷ್ಟ.

ಮೊದಲು ಸ್ಲಜ್, ಅಂದರೆ ಶುದ್ಧೀಕರಣದಲ್ಲಿ ಉಳಿಯುವ ಕೆಸರಿನ ಲೆಕ್ಕ ನೋಡಿ. 10 ಎಂಎಲ್‌ಡಿ, ಅಂದರೆ ದಿನಕ್ಕೆ ಒಂದು ಕೋಟಿ ಲೀಟರ್ ಒಳಬರುವ ಘಟಕ ಎಂದುಕೊಳ್ಳಿ. ಒಳಬರುವ ನೀರಿನ ಬಿಒಡಿ (ಕೊಳೆಯನ್ನು ಕರಗಿಸಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕ, ಕೊಳಚೆಯ ಅಳತೆ) ಲೀಟರಿಗೆ 200 ಮಿ.ಗ್ರಾಂ ಇದ್ದರೆ ದಿನಕ್ಕೆ 2,000 ಕಿಲೋ ಬಿಒಡಿ ಆಯಿತು. ಕಿಲೋಗೆ ಅರ್ಧ ಕಿಲೋ ಒಣ ಸ್ಲಜ್ ಎಂದು ಕೈಬಿಗಿ ಹಿಡಿದು ಲೆಕ್ಕ ಹಾಕಿದರೂ ದಿನಕ್ಕೆ 1,000 ಕಿಲೋ. ನೀರು ಹಿಂಡುವ ಸೆಂಟ್ರಿಫ್ಯೂಜ್‌ ಯಂತ್ರದಿಂದ ಹೊರಬರುವ ಸ್ಲಜ್‌ನಲ್ಲಿ ಘನಾಂಶ ಸುಮಾರು 20 ಶೇಕಡ ಇರುತ್ತದೆ, ಹಾಗಾಗಿ ದಿನಕ್ಕೆ 5 ಟನ್, ತಿಂಗಳಿಗೆ 150 ಟನ್ ಹೊರಹೋಗಬೇಕು. ರಿಜಿಸ್ಟರ್‌ನಲ್ಲಿ ತಿಂಗಳಿಗೆ ನಾಲ್ಕೈದು ಟ್ರ್ಯಾಕ್ಟರ್ ಲೋಡ್ ಮಾತ್ರ ಇದ್ದರೆ ಉಳಿದ ಸ್ಲಜ್ ಎಲ್ಲಿಗೆ ಹೋಯಿತು? ನೀರಿನ ಜೊತೆ ತೋಡಿಗೆ (ಹಳ್ಳಕ್ಕೆ) ಹೋಗಿರುವ ಸಾಧ್ಯತೆಯೇ ಹೆಚ್ಚು. ‘ಒಳಬರುವ ನೀರೇ ಕಡಿಮೆ’ ಎಂಬ ಉತ್ತರ ಬರುತ್ತದೆ, ಕೆಲವೊಮ್ಮೆ ನಿಜವೂ ಹೌದು. ಅದಕ್ಕೇ ಒಳಹರಿವಿನ ಫ್ಲೋಮೀಟರ್ ಲೆಕ್ಕವನ್ನು ಸ್ಲಜ್ ಲೆಕ್ಕದ ಜೊತೆಯಲ್ಲೇ ತರಿಸಿಕೊಳ್ಳಬೇಕು.

ಕರಾವಳಿಯಲ್ಲಿ ಸ್ಲಜ್ ತೋಡಿಗೆ ಹೋಗುವುದಕ್ಕೆ ಇನ್ನೊಂದು ಕಾರಣವಿದೆ. ಮಾಡು ಇಲ್ಲದ, ಸ್ಲಜ್ ಒಣಗಿಸುವ ಬೆಡ್‌ಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಷ್ಪ್ರಯೋಜಕ. ಸೆಂಟ್ರಿಫ್ಯೂಜ್ ಇಲ್ಲದಿದ್ದರೆ, ಇದ್ದೂ ಕೆಟ್ಟಿದ್ದರೆ, ಸ್ಲಜ್ ಟ್ಯಾಂಕಿನಲ್ಲೇ ಉಳಿಯುತ್ತದೆ. ಹಾಗೆ ದಪ್ಪವಾದದ್ದು ಕ್ಲಾರಿಫೈಯರ್ ಎಂಬ ತಿಳಿಗೊಳಿಸುವ ತೊಟ್ಟಿಯಲ್ಲಿ ತಳಕ್ಕೆ ಕೂರದೆ ಅಂಚಿನಿಂದ ಉಕ್ಕಿ ಹೋಗುತ್ತದೆ. ಜೋರು ಮಳೆಯ ರಾತ್ರಿ ತೋಡಿನ ನೀರು ಕಪ್ಪಾದರೆ ದಿನಾಂಕ, ಗಂಟೆ ಬರೆದು ಫೋಟೋ ಇಟ್ಟುಕೊಳ್ಳಿ, ಆ ದಿನದ ರಿಜಿಸ್ಟರ್ ಪುಟಕ್ಕೆ ತಾಳೆ ಹಾಕಲು ಬೇಕಾಗುತ್ತದೆ.

ಎರಡನೆಯದು ಮೆಸ್ಕಾಂ (ವಿದ್ಯುತ್ ಕಂಪನಿ) ಬಿಲ್. ಗಾಳಿ ಊದುವ ಬ್ಲೋವರ್‌ಗಳೇ ಘಟಕದ ಕರೆಂಟಿನ ದೊಡ್ಡ ಪಾಲು ತಿನ್ನುವುದು, ಉಳಿಸಲು ಹೊರಟವರು ಮೊದಲು ಆಫ್ ಮಾಡುವುದೂ ಅದನ್ನೇ. ಏರೇಶನ್ ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿ.ಗ್ರಾಂ ಆಸುಪಾಸು ಇರಬೇಕು. ಅದು ಸೊನ್ನೆಯ ಹತ್ತಿರ ಬಂದಾಗ ಕೊಳೆತ ಮೊಟ್ಟೆಯ ವಾಸನೆ, ಅಂದರೆ ಹೈಡ್ರೋಜನ್ ಸಲ್ಫೈಡ್, ಶುರು. ಗಾಳಿ ಬೀಸದ ಬೆಳಗಿನ ಜಾವ ಅದು ಮನೆಗಳ ಎತ್ತರದಲ್ಲೇ ನಿಲ್ಲುತ್ತದೆ. ಒಳಹರಿವು ಅಷ್ಟೇ ಇದ್ದು ಯೂನಿಟ್ ಅರ್ಧಕ್ಕೆ ಇಳಿದ ತಿಂಗಳು ಕಂಡರೆ ಬ್ಲೋವರ್ ಪ್ಯಾನೆಲ್‌ನ ಅವರ್‌ಮೀಟರ್ ರೀಡಿಂಗ್ ಕೇಳಿ. ಜನರೇಟರಿನ ಡೀಸೆಲ್ ಲಾಗ್‌ಬುಕ್ಕನ್ನೂ ಕೇಳಿ, ಕರೆಂಟು ಹೋದ ದಿನಗಳಿಗೆ ಅದು ಹೊಂದಬೇಕು.

ಎಷ್ಟೋ ಸಲ ತಪ್ಪು ಘಟಕದ್ದೇ ಅಲ್ಲ, ದಾರಿಯಲ್ಲಿ ಕೊಳಚೆ ಸೇರಿಸಿ ಘಟಕಕ್ಕೆ ಪಂಪ್ ಮಾಡುವ ವೆಟ್‌ವೆಲ್‌ನದ್ದು. ಪಂಪ್ ನಿಂತರೆ ವೆಟ್‌ವೆಲ್ ತುಂಬಿ ಹತ್ತಿರದ ತೋಡಿಗೆ ಹರಿಯುತ್ತದೆ. ಮಳೆಗಾಲದಲ್ಲಿ ಚಾವಣಿ, ಅಂಗಳದ ನೀರನ್ನೂ ಒಳಚರಂಡಿಗೆ ಬಿಟ್ಟಿರುವುದರಿಂದ ಪಂಪ್ ಓಡಿದರೂ ತಾಳುವುದಿಲ್ಲ. ತೋಡಿನ ದಂಡೆಯಲ್ಲಿ ಮೇಲ್ಮುಖವಾಗಿ ನಡೆದು ಕಪ್ಪು ನೀರು ಎಲ್ಲಿ ಸೇರುತ್ತದೆ ಎಂದು ಕಂಡುಕೊಳ್ಳದೆ ದೂರಿನಲ್ಲಿ ‘ಎಸ್‌ಟಿಪಿ’ ಎಂದು ಬರೆಯಬೇಡಿ.

ಬಾವಿಯ ವಿಷಯದಲ್ಲಿ ಜಾಗ್ರತೆ ಹೆಚ್ಚು ಬೇಕು. ಮುರಕಲ್ಲಿನ ಬಿರುಕು, ತೂತುಗಳಲ್ಲಿ ನೀರು ಬೇಗ ಓಡುತ್ತದೆ, ಆದರೆ ನಿಮ್ಮದೇ ಶೌಚಾಲಯದ ಇಂಗುಗುಂಡಿಯ ನೀರಿಗೂ ಅದೇ ದಾರಿ. ಎದುರು ಕಡೆಯವರ ಮೊದಲ ಪ್ರಶ್ನೆ ಅದೇ ಆಗಿರುತ್ತದೆ. ಆದ್ದರಿಂದ ಮೂರು ಬಾವಿ ಪರೀಕ್ಷಿಸಿ: ಘಟಕಕ್ಕೆ ಹತ್ತಿರದ್ದು, ಅದಕ್ಕಿಂತ ತಗ್ಗಿನದ್ದು, ಘಟಕಕ್ಕಿಂತ ಎತ್ತರದಲ್ಲಿರುವುದು. ಪ್ರತಿ ಬಾವಿಗೂ ಇಂಗುಗುಂಡಿಗೂ ಇರುವ ಅಂತರ ಅಳೆದು ಬರೆದಿಡಿ. ಆ ವಾರ ಬ್ಲೀಚಿಂಗ್ ಪುಡಿ ಹಾಕಿದ್ದರೆ ಸ್ಯಾಂಪಲ್ ತೆಗೆಯುವುದೇ ಬೇಡ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬ್ ಕೊಟ್ಟ ಸ್ಟೆರೈಲ್ ಬಾಟಲಿಯೇ ಬೇಕು, ಐಸ್ ಪೆಟ್ಟಿಗೆಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿದರೆ ಒಳ್ಳೆಯದು. ಲ್ಯಾಬಿಗೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರೆ ಸಾಲದು, ನೀವು ಮಾಡಿಸುವ ಪರೀಕ್ಷೆ ಆ ಮಾನ್ಯತೆಯ ಪಟ್ಟಿಯಲ್ಲಿದೆಯೇ ನೋಡಿ. ಕುಡಿಯುವ ನೀರಿನ ಐಎಸ್ 10500 ಮಾನದಂಡದ ಪ್ರಕಾರ ಅಮೋನಿಯಾ ಲೀಟರಿಗೆ 0.5 ಮಿ.ಗ್ರಾಂ, ನೈಟ್ರೇಟ್ 45 ಮೀರಬಾರದು, 100 ಮಿ.ಲೀ. ನೀರಿನಲ್ಲಿ ಇ-ಕೊಲೈ ಇರಲೇಬಾರದು. ಕ್ಲೋರೈಡ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಬೇಸಗೆಯಲ್ಲಿ ಫಲ್ಗುಣಿ, ನೇತ್ರಾವತಿಯ ಅಳಿವೆಯ ಕಡೆ ಉಪ್ಪುನೀರು ಮೇಲೇರುವುದರಿಂದಲೂ ಅದು ಹೆಚ್ಚುತ್ತದೆ.

ಕಡತ ತರಿಸುವುದು ಮಾಹಿತಿ ಹಕ್ಕಿನಲ್ಲಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಘಟಕ ನಡೆಸಲು ಮಂಡಳಿ ಕೊಟ್ಟ ಸಮ್ಮತಿ ಪತ್ರ, ಸ್ಲಜ್ ಸಾಗಾಟ, ವಿದ್ಯುತ್ ಬಿಲ್ ಇವಕ್ಕೆ ಬೇರೆ ಬೇರೆ ಅರ್ಜಿ ಹಾಕಿ, ಇಲ್ಲವಾದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ. ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಪ್ರಕಾರ ಕಾಮಗಾರಿ ಪರಿಶೀಲಿಸುವುದಕ್ಕೂ ಪ್ರಮಾಣೀಕೃತ ಮಾದರಿ ಪಡೆಯುವುದಕ್ಕೂ ಹಕ್ಕಿದೆ, ಇದನ್ನು ಬಳಸುವವರು ಕಡಿಮೆ. ಸಮ್ಮತಿ ಪತ್ರದ ಮಿತಿಗಳನ್ನು ಓದದೆ ಮುಂದೆ ಹೋಗಬೇಡಿ. 2017ರ ಕೇಂದ್ರ ಅಧಿಸೂಚನೆಯಲ್ಲಿ ಮೆಟ್ರೋ ಅಲ್ಲದ ಊರುಗಳಿಗೆ ಬಿಒಡಿ 30 ಎಂದಿದೆ, ಪತ್ರದಲ್ಲಿ 10 ಎಂದು ಬರೆದಿದ್ದರೆ ಆ ಘಟಕ ಪಾಲಿಸಬೇಕಾದದ್ದು 10.

ದೂರು ಘಟಕ ನಡೆಸುವ ಗುತ್ತಿಗೆದಾರರ ಹೆಸರಿಗಲ್ಲ, ಸಮ್ಮತಿ ಪತ್ರ ಯಾರ ಹೆಸರಿನಲ್ಲಿದೆಯೋ ಆ ಪಾಲಿಕೆ ಅಥವಾ ನಗರಸಭೆಯ ಮೇಲೆ. ಮಂಗಳೂರಿನವರಿಗೆ ಮಂಡಳಿಯ ಪ್ರಾದೇಶಿಕ ಕಚೇರಿ ಬೈಕಂಪಾಡಿಯಲ್ಲಿ, ಉಡುಪಿಯವರಿಗೆ ಮಣಿಪಾಲದಲ್ಲಿ. ಅಧಿಕಾರಿ ಸ್ಯಾಂಪಲ್ ತೆಗೆಯುವಾಗ ಜಲ ಕಾಯ್ದೆ 1974ರ ಕಲಂ 21ರ ಕ್ರಮ ನಡೆಯುತ್ತದೆಯೇ ಗಮನಿಸಿ: ನೋಟಿಸು, ಎರಡು ಭಾಗ, ಸೀಲು, ಅಧಿಕಾರಿ ಮತ್ತು ಘಟಕದವರು ಇಬ್ಬರ ಸಹಿ. ಕ್ರಮ ತಪ್ಪಿದರೆ ಮಂಡಳಿಯದೇ ವರದಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಜಲ ಕಾಯ್ದೆಯ ಕಲಂ 33ಎ ಅಡಿ ಘಟಕ ಮುಚ್ಚಿಸಿ ಎಂದು ಕೇಳುವುದು ನನ್ನ ಪ್ರಕಾರ ದಡ್ಡತನ. ಮುಚ್ಚಿದ ಮರುದಿನವೇ ಸಂಸ್ಕರಿಸದ ಕೊಳಚೆ ಅದೇ ತೋಡಿಗೆ ಬರುತ್ತದೆ. ಸೆಂಟ್ರಿಫ್ಯೂಜ್, ಜನರೇಟರ್, ಹೆಚ್ಚುವರಿ ಪಂಪ್‌ಗೆ ದಿನಾಂಕ ಹಾಕಿದ ಗಡುವು, ಬಾಧಿತ ಮನೆಗಳಿಗೆ ಅಲ್ಲಿಯವರೆಗೆ ನಳ್ಳಿ ನೀರು, ಪರಿಸರ ಪರಿಹಾರ ಎಂದು ಕೇಳಿ. ‘ಅನುದಾನವಿಲ್ಲ’ ಎಂದರೆ 1980ರ ರತ್ಲಾಂ ಪುರಸಭೆ ಪ್ರಕರಣ ತೋರಿಸಿ. ಹಣವಿಲ್ಲ ಎಂಬ ನೆಪದಲ್ಲಿ ಪುರಸಭೆ ಕರ್ತವ್ಯದಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು ಅದರಲ್ಲಿ ಹೇಳಿದೆ. ಅದಕ್ಕೂ ಜಗ್ಗದಿದ್ದರೆ ಚೆನ್ನೈಯ ಹಸಿರು ನ್ಯಾಯಮಂಡಳಿ ಪೀಠ. ಅಲ್ಲಿ ಕಲಂ 14ರ (ವಿವಾದ ಇತ್ಯರ್ಥದ) ಅರ್ಜಿಗೆ ಕಾರಣ ಮೊದಲು ಉಂಟಾದ ದಿನದಿಂದ ಆರು ತಿಂಗಳು, ಕಲಂ 15ರ ಪರಿಹಾರದ ಅರ್ಜಿಗೆ ಐದು ವರ್ಷ. ಮೊದಲ ದೂರಿನ ಸ್ವೀಕೃತಿ ಪತ್ರವನ್ನು ಜೋಪಾನವಾಗಿಡಿ, ಅವಧಿಯ ತಕರಾರು ಬಂದಾಗ ಅದೇ ಬೇಕಾಗುತ್ತದೆ.