ಅಜ್ಜಿಯ ಫೋನಿಗೆ ಎತ್ತಿನ ಕೊರಳ ಗಂಟೆ

ಪಾಂಡವಪುರದ ಹತ್ತಿರ ನಮ್ಮ ಹಳ್ಳಿ. ಅಜ್ಜಿ ಅಲ್ಲೇ ಇದ್ದಾಳೆ, ಚಿಕ್ಕಪ್ಪನ ಮನೆ ಪಕ್ಕದಲ್ಲಿ. ನಾನು ಮೈಸೂರಿನಿಂದ ದಿನಾ ಸಂಜೆ ಫೋನ್ ಮಾಡುತ್ತೇನೆ. ಹೋದ ವರ್ಷದಿಂದ ಅವಳು ಫೋನ್ ಎತ್ತುವುದೇ ಕಡಿಮೆಯಾಯಿತು. ಕೇಳಿದರೆ "ಫೋನು ಹೊಡ್ಕಂಡೇ ಇಲ್ಲ ಕಣವ್ವ" ಅನ್ನುತ್ತಿದ್ದಳು. ಊರಿಗೆ ಹೋದಾಗ ಪಕ್ಕದಲ್ಲೇ ಕೂತು ಕರೆ ಮಾಡಿ ನೋಡಿದೆ. ವಾಲ್ಯೂಮ್ ಪೂರ್ತಿ ಇದೆ, ಫೋನು ಕಿರುಚುತ್ತಿದೆ, ಅಜ್ಜಿ ಮಾತ್ರ ತಲೆ ಎತ್ತದೆ ಅವರೆಕಾಯಿ ಸುಲಿಯುತ್ತಿದ್ದಾಳೆ. ಅಷ್ಟರಲ್ಲಿ ಬೀದಿಯಲ್ಲಿ ಒಂದು ಎತ್ತಿನಗಾಡಿ ಹೋಯಿತು. ತಕ್ಷಣ ಬಾಗಿಲ ಕಡೆ ನೋಡಿದಳು.

ನನಗೆ ಹೊಳೆದದ್ದು ಆಗಲೇ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸದ್ದುಗಳನ್ನು, ಅಂದರೆ ಜಾಸ್ತಿ ಹರ್ಟ್ಜ್ (ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕ) ಇರುವ ಸದ್ದುಗಳನ್ನು. ಅವಳ ಫೋನಿನಲ್ಲಿದ್ದ ರಿಂಗ್‌ಟೋನ್ ಪೂರ್ತಿ ಅಂಥದ್ದೇ, ತೆಳ್ಳಗೆ, ಟಿಣಿಟಿಣಿ ಅಂತ. ವಾಲ್ಯೂಮ್ ಎಷ್ಟು ಏರಿಸಿದರೂ ಅವಳಿಗೆ ಉಪಯೋಗವಿಲ್ಲ, ಸ್ವರವನ್ನೇ ಕೆಳಗೆ ಇಳಿಸಬೇಕು. ಆದರೆ ತೀರಾ ಇಳಿಸುವ ಹಾಗೂ ಇಲ್ಲ, ಯಾಕಂದರೆ ಫೋನಿನ ಸ್ಪೀಕರ್ ಉಗುರಿನಷ್ಟು, ಮುನ್ನೂರು ನಾನೂರು ಹರ್ಟ್ಜ್‌ಗಿಂತ ಕೆಳಗಿನ ಸದ್ದನ್ನು ಅದು ಸರಿಯಾಗಿ ಹೊರಡಿಸುವುದೇ ಇಲ್ಲ. ಹಾಗಾಗಿ ನನಗೆ ಬೇಕಾಗಿದ್ದದ್ದು ನಡುವಿನ ಸದ್ದು, ಸುಮಾರು 500ರಿಂದ 2000 ಹರ್ಟ್ಜ್ ಒಳಗಿನದ್ದು.

ಕೊಟ್ಟಿಗೆಯ ಗೂಟದಲ್ಲಿ ಅಜ್ಜನ ಹಳ್ಳಿಕಾರ್ ತಳಿಯ ಎತ್ತಿನ ಜೋಡಿಯ ಗಂಟೆಗಳು ಇನ್ನೂ ನೇತಾಡುತ್ತಿದ್ದವು. ಅಜ್ಜ ಹೋದ ಮೇಲೆ ಎತ್ತು ಮಾರಿದರು, ಗಂಟೆ ಮಾರಲು ಅಜ್ಜಿ ಬಿಡಲಿಲ್ಲ. ಎರಡು ಕಂಚಿನ ಗಂಟೆ, ಜೊತೆಗೆ ಒಂದು ಗೆಜ್ಜೆಸರ. ಅದನ್ನೇ ರೆಕಾರ್ಡ್ ಮಾಡೋಣ ಅಂದುಕೊಂಡೆ.

ಮೊದಲ ದಿನ ಎಲ್ಲಾ ಹಾಳಾಯಿತು. ಫೋನಿನಲ್ಲೇ ಇದ್ದ ರೆಕಾರ್ಡರ್ ತೆಗೆದು, ಮೈಕ್ ಹತ್ತಿರ ಹಿಡಿದು ಹೊಡೆದೆ. ಸದ್ದು ಜಾಸ್ತಿಯಾಗಿ, ಪರದೆಯಲ್ಲಿ ಕಾಣುವ ಸದ್ದಿನ ಅಲೆಯ ತಲೆಯೆಲ್ಲಾ ಕತ್ತರಿಸಿ ಚಪ್ಪಟೆಯಾಗಿತ್ತು, ಕೇಳಿದರೆ ತಗಡು ಬಡಿದ ಹಾಗೆ. ಹಾಗೆ ಒಮ್ಮೆ ಚಪ್ಪಟೆಯಾದರೆ ಅದರಲ್ಲಿದ್ದ ನಾದ ಹೋದಂತೆಯೇ. ದೂರ ಹಿಡಿದರೆ ಇನ್ನೊಂದು ತೊಂದರೆ, ಹೊಡೆದ ಸದ್ದು ಬಂತು, ಅದರ ಹಿಂದೆ ಉಳಿಯುವ ಗುಂಯ್ ಅನ್ನುವ ನಾದ ಅರ್ಧಕ್ಕೇ ನಿಂತುಹೋಯಿತು. ಇದು ಯಾಕೆ ಅಂತ ಗೊತ್ತಾಗಲು ಒಂದು ವಾರ ಬೇಕಾಯಿತು. ಮಾತು ಚೆನ್ನಾಗಿ ಕೇಳಲಿ ಅಂತ ಎಷ್ಟೋ ಫೋನುಗಳು ಹಿಂದಿನ ಗದ್ದಲವನ್ನು ತಾವೇ ಒರೆಸಿಹಾಕುತ್ತವೆ. ಸಣ್ಣಗೆ ಎಳೆಯುವ ಗಂಟೆಯ ನಾದ ಅದಕ್ಕೆ ಫ್ಯಾನಿನ ಸದ್ದಿನಂತೆಯೇ ಕಾಣುತ್ತದೆ, ಒರೆಸಿಬಿಡುತ್ತದೆ. ಗಂಟೆಯ ಜೀವ ಇರುವುದೇ ಆ ಬಾಲದಲ್ಲಿ ಅಲ್ವಾ!

ಮುಂದಿನ ವಾರ ಆ ಗದ್ದಲ ಒರೆಸುವ ಕೆಲಸವನ್ನು ಆಫ್ ಮಾಡಲು ಬಿಡುವ, ಸದ್ದನ್ನು ಕುಗ್ಗಿಸದೆ ವೇವ್ ಫೈಲಿನಲ್ಲಿ ಉಳಿಸುವ ಆ್ಯಪ್ ಹಾಕಿಕೊಂಡು ಹೋದೆ. ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಸದ್ದನ್ನು ಅಷ್ಟು ಸಲ ಅಳೆದು ಬರೆದುಕೊಳ್ಳುವುದು, ಸಿಡಿಯಲ್ಲಿ ಇರುವಷ್ಟೇ. ಬೆಳಗಿನ ಜಾವ, ಪಂಪ್‌ಸೆಟ್ ಶುರುವಾಗುವ ಮೊದಲು. ನಡುಮನೆಯಲ್ಲಿ ಸದ್ದು ಗೋಡೆಗೆ ಬಡಿದು ಮರಳುತ್ತಿತ್ತು, ಅದಕ್ಕೇ ಕೊಟ್ಟಿಗೆಯಲ್ಲಿ ಹುಲ್ಲು ಒಟ್ಟಿದ್ದ ಮೂಲೆಗೆ ಹೋದೆ. ಒಣಹುಲ್ಲು ಸದ್ದು ಹೀರುವುದರಲ್ಲಿ ಯಾವ ಸ್ಟುಡಿಯೋ ಫೋಮಿಗೂ ಕಡಿಮೆ ಇಲ್ಲ ಅನ್ನಿಸಿತು ನನಗೆ. ಗಂಟೆಯನ್ನು ಹಗ್ಗದಿಂದ ಹಿಡಿಯಬೇಕು, ಕಂಚಿಗೆ ಬೆರಳು ತಾಗಿದರೆ ನಾದ ಸತ್ತಿತು. ಮೈಕ್ ಒಂದೂವರೆ ಮೊಳ ದೂರ.

ಕಂಪ್ಯೂಟರಿನಲ್ಲಿ ಸದ್ದು ತಿದ್ದುವ ಆಡಾಸಿಟಿ ಅನ್ನುವ ತಂತ್ರಾಂಶಕ್ಕೆ ಹಾಕಿ ಯಾವ ಸ್ವರ ಎಷ್ಟಿದೆ ಅಂತ ಗ್ರಾಫ್ ನೋಡಿದೆ. ಇದು ನನಗೆ ತುಂಬಾ ಇಷ್ಟದ ಕೆಲಸ. ಕೊಳಲಿನಲ್ಲೋ ತಂತಿಯಲ್ಲೋ ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಹೀಗೆ ಲೆಕ್ಕವಾಗಿ ಮೇಲಿನ ಸ್ವರಗಳು ಬರುತ್ತವೆ. ಗಂಟೆ ಹಾಗಲ್ಲ, ಅದರ ಮೇಲಿನ ಸ್ವರಗಳು ಲೆಕ್ಕಕ್ಕೆ ಸಿಗದೆ ಅಲ್ಲಲ್ಲಿ ಏಳುತ್ತವೆ, ಅದಕ್ಕೇ ಗಂಟೆ ಗಂಟೆಯಂತೆ ಕೇಳುತ್ತದೆ. ಗೆಜ್ಜೆಯ ಸದ್ದೆಲ್ಲಾ ತೀರಾ ಮೇಲಿತ್ತು, ಅದನ್ನು ಕೈಬಿಟ್ಟೆ. ಅರ್ಧ ವೇಗದಲ್ಲಿ ಓಡಿಸಿದರೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ ನಿಜ, ಆದರೆ ಆಗ ಅದು ಗೆಜ್ಜೆ ಅಲ್ಲ, ಯಾವುದೋ ಪಾತ್ರೆ. ಗಂಟೆಯ ಮುಖ್ಯ ಸ್ವರ ನನಗೆ ಬೇಕಾದ ಜಾಗದಲ್ಲೇ ಇತ್ತು, ಅದರ ಮೇಲೆ ಕಬ್ಬಿಣದ ನಾಲಿಗೆ ಎಬ್ಬಿಸುವ ಕೀರಲು ಜಾಸ್ತಿ ಇತ್ತು, ಅಷ್ಟೇ. ಕಂಪ್ಯೂಟರಿನಲ್ಲಿ ಕಡಿಮೆ ಮಾಡಬಹುದಿತ್ತು. ಬದಲು ಗಂಟೆಯ ನಾಲಿಗೆಗೆ ಹಳೇ ಪಂಚೆಯ ತುಂಡು ಸುತ್ತಿ ಮತ್ತೆ ಹೊಡೆದೆ. ಮೆತ್ತಗಿನ ಹೊಡೆತಕ್ಕೆ ಮೇಲಿನ ಸ್ವರಗಳು ಅಷ್ಟಾಗಿ ಏಳುವುದಿಲ್ಲ, ಕೆಳಗಿನದ್ದು ದುಂಡಗೆ ನಿಲ್ಲುತ್ತದೆ.

ಇನ್ನು ತಾಳ. ಹಳೇ ಕಪ್ಪು ಲ್ಯಾಂಡ್‌ಲೈನ್ ನೆನಪಿದೆಯಾ? ಒಳಗೆ ಎರಡು ಲೋಹದ ಬಟ್ಟಲು, ನಡುವೆ ಒಂದು ಪುಟ್ಟ ಸುತ್ತಿಗೆ. ನಮ್ಮ ದೇಶದ ರಿಂಗ್ 0.4 ಸೆಕೆಂಡ್ ಹೊಡೆದು, 0.2 ಬಿಟ್ಟು, ಮತ್ತೆ 0.4 ಹೊಡೆದು, 2 ಸೆಕೆಂಡ್ ಸುಮ್ಮನಾಗುತ್ತದೆ. ಟ್ರಿಣ್ ಟ್ರಿಣ್, ಆಮೇಲೆ ಮೌನ. ಆ ಮೌನ ಬಹಳ ಮುಖ್ಯ. ಬಿಡದೆ ಹಾಡುವ ರಿಂಗ್‌ಟೋನ್ ಸ್ವಲ್ಪ ಹೊತ್ತಿಗೆ ಟಿವಿಯ, ಮಿಕ್ಸಿಯ ಸದ್ದಿನಲ್ಲಿ ಸೇರಿಹೋಗುತ್ತದೆ, ನಿಂತು ನಿಂತು ಬರುವುದು ಕಿವಿಯನ್ನು ಎಳೆಯುತ್ತದೆ. ನಾನೂ ಹಾಗೇ ಮಾಡಿದೆ. ಎರಡು ಹೊಡೆತ, ನಾದ ತಾನಾಗಿ ಸಾಯುವ ತನಕ ಕಾಯುವುದು, ಮೇಲೆ ಒಂದು ಸೆಕೆಂಡ್ ಖಾಲಿ. ಹಾಗೆ ಏಳು ಸಲ, ಒಟ್ಟು ಮೂವತ್ತು ಸೆಕೆಂಡಿನ ಒಳಗೆ. ಶುರುವಿನಲ್ಲಿ ಮಾತ್ರ ಖಾಲಿ ಬಿಡಬೇಡಿ. ಫೈಲನ್ನು ಆಂಡ್ರಾಯ್ಡ್ ಫೋನಿನ ರಿಂಗ್‌ಟೋನ್ಸ್ ಫೋಲ್ಡರಿಗೆ ಹಾಕಿದರೆ ಮುಗಿಯಿತು, ಹಳೇ ಐಫೋನಿಗಾದರೆ ಅದನ್ನು ಎಂ4ಆರ್ ಅನ್ನುವ ಬಗೆಯ ಫೈಲಾಗಿ ಬದಲಿಸಬೇಕು.

ಫೋನನ್ನು ಒಳಗಿಟ್ಟು, ಹಿತ್ತಲಿನಿಂದ ಕರೆ ಮಾಡಿದೆ. ಎರಡನೇ ಸಲಕ್ಕೇ ಅಜ್ಜಿ ಎದ್ದು ಬಾಗಿಲಿಗೆ ಬಂದಳು, ಫೋನಿನ ಕಡೆಗಲ್ಲ, ಬೀದಿ ಬಾಗಿಲಿಗೆ. ಇನ್ನೊಂದು ಸಲ ಕೇಳಿಸಿ, ಫೋನು ಕೈಗೆ ಕೊಟ್ಟೆ. ಕಿವಿಗೆ ಹಿಡಿದುಕೊಂಡು "ಇದು ಬಲಗಡೆ ಎತ್ತಿಂದು ಕಣವ್ವ, ಎಡಗಡೇದು ಹಿಂಗಿರ್ನಿಲ್ಲ" ಅಂದಳು. ನಾನು ಎರಡರಲ್ಲಿ ಯಾವುದೋ ಒಂದನ್ನು ತೆಗೆದಿದ್ದೆ, ನನಗೆ ಗೊತ್ತೇ ಇರಲಿಲ್ಲ.

ಈಗ ಬಲಗಡೆ ಎತ್ತು ಹೊಡೆದುಕೊಂಡರೆ ನಾನು. ಎಡಗಡೇದನ್ನೂ ಅದೇ ಪಂಚೆ ತುಂಡು ಸುತ್ತಿ ರೆಕಾರ್ಡ್ ಮಾಡಿ ಚಿಕ್ಕಪ್ಪನ ನಂಬರಿಗೆ ಹಾಕಿದ್ದೇನೆ.