ವಿಟೆನ್ ಓವಲ್‌ನ ಬೇಲಿ ಪಕ್ಕ ಕೇಳಿದ ಮಾತು

ಮೆಲ್ಬರ್ನ್‌ನ ಪಶ್ಚಿಮ ಭಾಗದಲ್ಲಿರುವ ನಮ್ಮಂಥವರಿಗೆ ವೆಸ್ಟ್ ಫುಟ್ಸ್‌ಕ್ರೇಯ ಬಾರ್ಕ್ಲಿ ಸ್ಟ್ರೀಟ್ ಅಂದರೆ ದೋಸೆ, ಬಿರಿಯಾನಿ, ದಿನಸಿ ಅಂಗಡಿ. ಅಲ್ಲೇ ಹತ್ತಿರ ವಿಟೆನ್ ಓವಲ್ ಅನ್ನುವ ಮೈದಾನವಿದೆ. ಸಾಮಾನು ತರಲು ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು, ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ. ಚಳಿಗಾಲದ ಒಂದು ಶನಿವಾರ ಪಕ್ಕದ ಮನೆಯ ಹಿರಿಯರು ಬಂದು ಕರೆದರು. "ಇವತ್ತು ನಮ್ಮ ಹುಡುಗರ ಆಟ ಇದೆ. ಮಗಳನ್ನೂ ಕರ್ಕೊಂಡು ಬನ್ನಿ."

ಆಟ ಅಂದರೆ ಇಲ್ಲಿಯ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಆ ದಿನ ಇದ್ದದ್ದು ಅದರ ದೊಡ್ಡ ಲೀಗಿನ ಪಂದ್ಯ ಅಲ್ಲ. ವೆಸ್ಟರ್ನ್ ಬುಲ್‌ಡಾಗ್ಸ್ ಕ್ಲಬ್ಬಿನ ಎರಡನೇ ತಂಡದ್ದು. ಮುಖ್ಯ ತಂಡ ಈಗ ಡಾಕ್‌ಲ್ಯಾಂಡ್ಸ್‌ನಲ್ಲಿರುವ ಚಾವಣಿ ಹಾಕಿದ ಸ್ಟೇಡಿಯಂನಲ್ಲಿ ಆಡುತ್ತದೆ. 1997ರ ನಂತರ ದೊಡ್ಡ ಲೀಗಿನ ಗಂಡಸರ ಪಂದ್ಯ ಈ ಮೈದಾನಕ್ಕೆ ಬಂದಿಲ್ಲ. ಆದರೆ ಎರಡನೇ ತಂಡ ಇವತ್ತಿಗೂ ಫುಟ್ಸ್‌ಕ್ರೇ ಅನ್ನುವ ಹಳೆಯ ಹೆಸರಿನಲ್ಲೇ ಆಡುತ್ತದೆ. ಹಿರಿಯರು ಅದಕ್ಕಾಗಿಯೇ ಇಲ್ಲಿಗೆ ಬರುತ್ತಾರಂತೆ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಒಂದೊಂದು ತಂಡದಲ್ಲಿ ಹದಿನೆಂಟು ಜನ, ಮೊಟ್ಟೆ ಆಕಾರದ ಚೆಂಡು, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಆರು ಪಾಯಿಂಟ್, ಪಕ್ಕದಲ್ಲಿ ಹೋದರೆ ಒಂದು. 1859ರಲ್ಲಿ ಮೆಲ್ಬರ್ನ್‌ನ ಕ್ರಿಕೆಟಿಗರೇ ಕೂತು ಇದರ ನಿಯಮ ಬರೆದರು. ಹಾಗಾಗಿ ಇಂದಿಗೂ ಆಡುವುದು ಕ್ರಿಕೆಟ್ ಮೈದಾನದಲ್ಲೇ. ನಮಗೆಲ್ಲ ಬಾಕ್ಸಿಂಗ್ ಡೇ ಟೆಸ್ಟ್‌ನಿಂದ ಗೊತ್ತಿರುವ ಎಂಸಿಜಿಯಲ್ಲೇ ಗ್ರ್ಯಾಂಡ್ ಫೈನಲ್ ನಡೆಯುತ್ತದೆ.

ಗಾಳಿ ಜೋರಾಗಿತ್ತು. ಈ ಮೈದಾನ ಮೊದಲಿಂದಲೂ ಗಾಳಿಗೆ ಹೆಸರುವಾಸಿಯಂತೆ. ಬೇಲಿ ಪಕ್ಕ ಹಿರಿಯರ ಜೊತೆ ಇನ್ನಿಬ್ಬರು ನಿಂತಿದ್ದರು. ಒಬ್ಬರು ನರ್ಸ್ ಆಗಿ ನಿವೃತ್ತರಾದ ಮಹಿಳೆ, ಇನ್ನೊಬ್ಬ ವಿಯೆಟ್ನಾಂನಿಂದ ಬಂದ ಕುಟುಂಬದ ಯುವಕ. ಮೂವರ ಕೊರಳಲ್ಲೂ ಕೆಂಪು, ಬಿಳಿ, ನೀಲಿ ಸ್ಕಾರ್ಫ್.

ಹಿರಿಯರ ಮಾತು 1954ರಿಂದಲೇ ಶುರುವಾಗುತ್ತದೆ. ಆ ವರ್ಷ ಫುಟ್ಸ್‌ಕ್ರೇ ಮೊದಲ ಸಲ ಲೀಗಿನ ಕಪ್ ಗೆದ್ದಿತು, ಗ್ರ್ಯಾಂಡ್ ಫೈನಲ್‌ನಲ್ಲಿ ಮೆಲ್ಬರ್ನ್ ತಂಡವನ್ನು 51 ಪಾಯಿಂಟ್‌ಗಳಿಂದ ಸೋಲಿಸಿ. ಚಾರ್ಲಿ ಸಟನ್ ನಾಯಕನೂ ಹೌದು, ಕೋಚ್ ಕೂಡ ಹೌದು. ಜ್ಯಾಕ್ ಕಾಲಿನ್ಸ್ ಏಳು ಗೋಲು ಹೊಡೆದಿದ್ದರು. ಹಿರಿಯರು ಆಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ ಹುಡುಗ. ಕ್ವಾರಿ, ಕಾರ್ಖಾನೆ, ಕಸಾಯಿಖಾನೆಗಳಲ್ಲಿ ದುಡಿಯುವವರ ಊರು ಇದು. "ಇನ್ನು ಪ್ರತಿ ವರ್ಷ ನಾವೇ ಗೆಲ್ತೀವಿ ಅಂತ ಅಪ್ಪ ಹೇಳಿದ್ದರು" ಎಂದರು. ಅಪ್ಪ ಇನ್ನೊಂದು ಗೆಲುವು ನೋಡಲೇ ಇಲ್ಲ.

ಮೈದಾನಕ್ಕೆ ಹೆಸರು ಕೊಟ್ಟ ಟೆಡ್ ವಿಟೆನ್ ಆ ತಂಡದಲ್ಲಿ ಆಡಿದ್ದವರು. 1995ರಲ್ಲಿ ಕ್ಯಾನ್ಸರ್‌ನಿಂದ ಕಣ್ಣು ಕಾಣದ ಸ್ಥಿತಿಯಲ್ಲಿ, ಮಗನ ಜೊತೆ ಕಾರಿನಲ್ಲಿ ಕೂತು ಎಂಸಿಜಿಯಲ್ಲಿ ಒಂದು ಸುತ್ತು ಬಂದರು. ಇಡೀ ಮೈದಾನ ಎದ್ದು ನಿಂತಿತ್ತು. ಎರಡು ತಿಂಗಳಲ್ಲಿ ತೀರಿಕೊಂಡರು. ಇದನ್ನು ಹೇಳುವಾಗ ಹಿರಿಯರು ಆಟದ ಕಡೆ ನೋಡುವುದನ್ನೇ ಬಿಟ್ಟಿದ್ದರು.

ನನ್ನನ್ನು ನಿಜಕ್ಕೂ ಹಿಡಿದು ನಿಲ್ಲಿಸಿದ್ದು ಆ ಮಹಿಳೆ ಹೇಳಿದ 1989ರ ಕಥೆ. ಅಕ್ಟೋಬರ್ ತಿಂಗಳು. ಸಾಲದಲ್ಲಿ ಮುಳುಗಿದ ಕ್ಲಬ್ಬನ್ನು ಫಿಟ್ಜ್‌ರಾಯ್ ಕ್ಲಬ್ ಜೊತೆ ಸೇರಿಸಿಬಿಡುತ್ತೇವೆ ಎಂದು ಪ್ರಕಟಣೆ ಬಂತು. ಅಭಿಮಾನಿಗಳನ್ನು ಯಾರೂ ಕೇಳಿರಲಿಲ್ಲ. ಒಬ್ಬ ಅಭಿಮಾನಿ ಮಹಿಳೆಯ ಹೆಸರಿನಲ್ಲಿ ಕೋರ್ಟಿಗೆ ಹೋದರು. ಪೀಟರ್ ಗಾರ್ಡನ್ ಎಂಬ ಯುವ ವಕೀಲ ಮುಂದೆ ನಿಂತರು. ಕೆಲವೇ ವಾರಗಳ ಸಮಯ ಸಿಕ್ಕಿತು. ಅಷ್ಟರಲ್ಲಿ ಸುಮಾರು 15 ಲಕ್ಷ ಡಾಲರ್ ಕೂಡಿಸಬೇಕಿತ್ತು.

"ನಾನು ರಾತ್ರಿ ಪಾಳಿ ಮುಗಿಸಿ ಸೀದಾ ಸ್ಟೇಷನ್ ಮುಂದೆ ಡಬ್ಬಿ ಹಿಡ್ಕೊಂಡು ನಿಲ್ತಿದ್ದೆ" ಎಂದರು ಆಕೆ. ಪಿಂಚಣಿಯವರು ಚಿಲ್ಲರೆ ಹಾಕಿದರಂತೆ. ಬೇರೆ ತಂಡದ ಸ್ಕಾರ್ಫ್ ಹಾಕಿದವರೂ ನೋಟು ಕೊಟ್ಟು ಹೋದರಂತೆ. ದುಡ್ಡು ಕೂಡಿತು, ಕ್ಲಬ್ ಉಳಿಯಿತು. ಫಿಟ್ಜ್‌ರಾಯ್ ಮಾತ್ರ ಉಳಿಯಲಿಲ್ಲ. 1996ರಲ್ಲಿ ದೂರದ ಪರ್ತ್‌ನಲ್ಲಿ ಫ್ರೀಮ್ಯಾಂಟಲ್ ತಂಡದ ವಿರುದ್ಧ ಕೊನೆಯ ಪಂದ್ಯ ಆಡಿತು, ಆಮೇಲೆ ಬ್ರಿಸ್ಬೇನ್ ಜೊತೆ ಸೇರಿಹೋಯಿತು. ಅದನ್ನು ಹೇಳುವಾಗ ಆಕೆಯ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. "ನಮಗೂ ಅದೇ ಆಗ್ತಿತ್ತು, ಅಲ್ವಾ?"

ಉಳಿದ ಮೇಲೂ ಕಪ್ ಬರಲಿಲ್ಲ. ಪೋರ್ಟ್ ಅಡಿಲೇಡ್ ಕ್ಲಬ್ ಜಾಸ್ತಿ ದುಡ್ಡು ಕೊಡುತ್ತೇವೆ ಎಂದು ಕರೆದಾಗ ಇವರ ಆಟಗಾರ ಕ್ರಿಸ್ ಗ್ರಾಂಟ್ ಹೋಗಲಿಲ್ಲ. ಹೋಗಬೇಡಿ ಎಂದು ಒಬ್ಬ ಪುಟ್ಟ ಹುಡುಗ ಪತ್ರದ ಜೊತೆ ತನ್ನ ಚಿಲ್ಲರೆ ಕಾಸನ್ನೂ ಕಳಿಸಿದ್ದ. 1997ರ ಪ್ರಿಲಿಮಿನರಿ ಫೈನಲ್‌ನಲ್ಲಿ, ಅಂದರೆ ಗ್ರ್ಯಾಂಡ್ ಫೈನಲ್‌ಗೆ ಹಿಂದಿನ ಹಂತದಲ್ಲಿ, ಅಡಿಲೇಡ್ ವಿರುದ್ಧ ಬರೀ ಎರಡು ಪಾಯಿಂಟ್‌ಗೆ ಸೋತರು. ಟೋನಿ ಲಿಬರಟೋರ್ ಹೊಡೆದ ಚೆಂಡು ಗೋಲು ಎಂದು ಎಲ್ಲರೂ ಕುಣಿದರು. ಅಂಪೈರ್ ಒಂದೇ ಪಾಯಿಂಟ್ ಕೊಟ್ಟರು. ಮೂವರೂ ಅದರ ಬಗ್ಗೆ ಇನ್ನೂ ವಾದ ಮಾಡುತ್ತಾರೆ, ಆ ಯುವಕ ಆಗ ಹುಟ್ಟಿಯೂ ಇರಲಿಲ್ಲ.

ನಾನು ಆರ್‌ಸಿಬಿ ವಿಷಯ ಹೇಳಿದೆ. ವರ್ಷ ವರ್ಷ "ಈ ಸಲ ಕಪ್ ನಮ್ದೇ" ಎಂದು ಕೂಗಿ ಕೂಗಿ, 2025ರಲ್ಲಿ, ಹದಿನೆಂಟನೇ ಸೀಸನ್‌ನಲ್ಲಿ ಗೆದ್ದದ್ದು. "ಮಧ್ಯದಲ್ಲಿ ತಂಡ ಬದಲಾಯಿಸಿದಿರಾ?" ಎಂದು ಹಿರಿಯರು ಕೇಳಿದರು. ಇಲ್ಲ ಎಂದೆ. ಅಲ್ಲಿಂದ ಮುಂದೆ ನನ್ನನ್ನು ಹೊರಗಿನವನಂತೆ ನೋಡಲಿಲ್ಲ.

ಇವರು ಕಾದದ್ದು 62 ವರ್ಷ. 2016ರ ಕಥೆ ಹೇಳಿದ್ದು ಯುವಕ. ಪಟ್ಟಿಯಲ್ಲಿ ಏಳನೇ ಸ್ಥಾನ. ಪರ್ತ್‌ಗೆ ಹೋಗಿ ವೆಸ್ಟ್ ಕೋಸ್ಟ್ ತಂಡವನ್ನು ಸೋಲಿಸಿದರು, ಆಮೇಲೆ ಹಾಥಾರ್ನ್, ಆಮೇಲೆ ಗ್ರೇಟರ್ ವೆಸ್ಟರ್ನ್ ಸಿಡ್ನಿಯನ್ನು ಆರೇ ಪಾಯಿಂಟ್‌ನಿಂದ. ಅಕ್ಟೋಬರ್ 1ರಂದು ಗ್ರ್ಯಾಂಡ್ ಫೈನಲ್‌ನಲ್ಲಿ ಸಿಡ್ನಿಯನ್ನು 22 ಪಾಯಿಂಟ್‌ನಿಂದ. ನಾಯಕ ಬಾಬ್ ಮರ್ಫಿ ಮೊಣಕಾಲಿನ ಗಾಯದಿಂದ ಆಡಿರಲಿಲ್ಲ. ಕೋಚ್ ಲ್ಯೂಕ್ ಬೆವರಿಜ್, ಮರ್ಫಿಯನ್ನು ವೇದಿಕೆಗೆ ಕರೆದು, ತನ್ನ ಕೊರಳ ಪದಕ ತೆಗೆದು ಅವರಿಗೆ ಹಾಕಿದರು. ಮನೆಗೆ ಬಂದು ಆ ವಿಡಿಯೋ ನೋಡಿದೆ. ಯಾರೂ ಪರಿಚಯವಿಲ್ಲದಿದ್ದರೂ ಕಣ್ಣು ತುಂಬಿತು.

ಈಗಿನ ತಂಡದ ಮಾತು ಬಂದಾಗ ಒಮ್ಮತ ಇರಲಿಲ್ಲ. ಯುವಕನಿಗೆ ಮಾರ್ಕಸ್ ಬಾಂಟೆಂಪೆಲಿಯೇ ಕ್ಲಬ್ಬಿನ ಚರಿತ್ರೆಯಲ್ಲಿ ದೊಡ್ಡ ಆಟಗಾರ. ಹಿರಿಯರು ವಿಟೆನ್ ಹೆಸರು ಬಿಟ್ಟುಕೊಡಲಿಲ್ಲ. 2021ರ ಗ್ರ್ಯಾಂಡ್ ಫೈನಲ್‌ನಲ್ಲಿ ಮುಂದಿದ್ದು ಕೊನೆಗೆ ಅದೇ ಮೆಲ್ಬರ್ನ್ ತಂಡಕ್ಕೆ 74 ಪಾಯಿಂಟ್‌ಗಳಿಂದ ಸೋತದ್ದನ್ನು ಯಾರೂ ಜಾಸ್ತಿ ಕೆದಕಲಿಲ್ಲ. ಮಹಿಳೆ ಮಾತ್ರ 2018ರಲ್ಲಿ ಹೆಣ್ಣುಮಕ್ಕಳ ತಂಡ ಗೆದ್ದದ್ದನ್ನು ಎತ್ತಿ ಹೇಳಿದರು. ವಿರಾಮದಲ್ಲಿ ನನ್ನ ಮಗಳು ಮೈದಾನಕ್ಕಿಳಿದು ಬೇರೆ ಮಕ್ಕಳ ಜೊತೆ ಚೆಂಡು ಒದೆಯುತ್ತಿದ್ದಳು. ಕೈಯಿಂದ ಚೆಂಡು ಹೇಗೆ ಬಿಡಬೇಕು ಎಂದು ಆ ಮಹಿಳೆಯೇ ಹೋಗಿ ತೋರಿಸಿಕೊಟ್ಟರು.

ಕೊನೆಯ ಕ್ವಾರ್ಟರ್ ನಡೆಯುವಾಗ ನಾನು ಕೇಳಿದೆ, ಯಾವ ಗೆಲುವು ದೊಡ್ಡದು, 1954ರದೋ 2016ರದೋ? ಯುವಕ ಯೋಚಿಸದೆ 2016 ಎಂದ. ಹಿರಿಯರು 1954 ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಮಹಿಳೆಯ ಕಡೆ ಕೈ ತೋರಿಸಿ, "1989. ಇವರು ಡಬ್ಬಿ ಹಿಡಿದು ನಿಂತದ್ದಕ್ಕೇ ಇವನಿಗೆ 2016 ಸಿಕ್ಕಿದ್ದು" ಎಂದರು. ಯುವಕ ವಾದ ಮಾಡಲಿಲ್ಲ. ನನ್ನ ಮತವೂ 1989ಕ್ಕೇ.